ಬೇರಿಗೆ ಬಿಟ್ಟ ಹಲಸು

ಉದ್ದನಪಲ್ಲಿ
ತಾ. 22–6–2025, ಭಾನುವಾರ

ಸೌಭಾಗ್ಯವತಿ ಪಾರ್ವತಿಗೆ ತಿಮ್ಮಣ್ಣನ ಆಶೀರ್ವಾದ.

ಕಾಗದ ಬರೆಯುವುದು ನನ್ನ ಕೆಲಸವಲ್ಲ. ನಾಲ್ಕನೇ ಕ್ಲಾಸಿಗೇ ಸ್ಲೇಟು ಬಿಸಾಕಿ ನೇಗಿಲ ಹಿಂದೆ ಹೋದವನನ್ನು ಅರವತ್ತಾರನೇ ವಯಸ್ಸಿನಲ್ಲಿ ಪೆನ್ನು ಹಿಡಿಸಿ ಕೂರಿಸಿದ್ದೀರಿ, ನೀನೂ ನಿನ್ನ ಮಗಳೂ. ಮತ್ತೆ ಫೋನು ಇರುವುದು ಯಾಕೆ? ಮಾಡಿದಾಗಲೆಲ್ಲ ದಿವ್ಯ ತೆಗೆಯುತ್ತಾಳೆ, "ಅಮ್ಮ ಮಗೂಗೆ ಎಣ್ಣೆ ಹಚ್ತಾವ್ಳೆ" ಅನ್ನುತ್ತಾಳೆ. ಮೂರು ತಿಂಗಳು ಬಿಡದೆ ಎಣ್ಣೆ ಹಚ್ಚಿದರೆ ಆ ಕೂಸು ಕೈಯಿಂದ ಜಾರಿ ಹೋಗುವುದಿಲ್ಲವಾ? ಮೊನ್ನೆ ಜೋರು ಮಾಡಿದ್ದಕ್ಕೆ, "ಅಪ್ಪಾ, ನನ್ ಮೇಲೆ ಎಗರಾಡ್ಬೇಡ. ಏನಿದ್ರೂ ಬರ್ದು ಕಳ್ಸು. ಅಮ್ಮ ಓದ್ತಾಳೆ, ಅಷ್ಟು ಒಪ್ಸಿದ್ದೀನಿ" ಅಂದಳು.

ತಡವಾಯಿತು. ಎರಡು ಸಲ ಬರೆದು ಹರಿದೆ. ಮೊದಲನೆಯದರಲ್ಲಿ ಬರೀ ಬೈಗುಳವೇ ಇತ್ತು. ಎರಡನೆಯದರಲ್ಲಿ ಬೈಗುಳ ತೆಗೆದುಹಾಕಿದೆ, ನೋಡಿದರೆ ನಿನ್ನ ಹೆಸರು ಬಿಟ್ಟು ಏನೂ ಉಳಿದಿರಲಿಲ್ಲ. ಇದು ಮೂರನೆಯದು, ಹರಿಯುವುದಿಲ್ಲ. ನಾನು ಕ್ಷೇಮ. ಹಸು ಕ್ಷೇಮ. ಹೊಸೂರಿನ ಫ್ಯಾಕ್ಟರಿಗೆ ದಿನಾ ಹೋಗುವ ಮುರುಗೇಶ್, ನಮ್ಮ ಪಕ್ಕದ ಮನೆ ಭಾಗ್ಯಮ್ಮನ ಮಗ, ನಾಳೆ ಇದನ್ನು ನಿನ್ನ ಕೈಗೇ ಕೊಡುತ್ತಾನೆ.

ನಡೆದದ್ದು ನಿನಗೆ ಗೊತ್ತು. ಆದರೆ ನನ್ನ ಕಡೆಯದ್ದನ್ನು ನಾನು ಹೇಳಿಲ್ಲ, ನೀನೂ ಕೇಳಿಲ್ಲ. ಸಂಕ್ರಾಂತಿ ಕಳೆದ ಮೇಲೆ ನೀನು ಮಗಳ ಬಾಣಂತನಕ್ಕೆ ಹೊಸೂರಿಗೆ ಹೋದೆ. ಡಾಕ್ಟರು ಅವಳಿಗೆ ಬಸ್ಸು ಹತ್ತಬೇಡ ಅಂದಿದ್ದರು, ಅದಕ್ಕೆ ನೀನೇ ಹೋದೆ, ಅದು ಸರಿಯೇ. ಮಾರ್ಚಿನಲ್ಲಿ ದಿವ್ಯಳ ಅತ್ತೆ ಮಾವ ನಮ್ಮ ಮನೆಗೆ ಬರುತ್ತೇವೆಂದು ಹೇಳಿ ಕಳಿಸಿದರು. ನಮ್ಮ ಹಿತ್ತಲು ಹೇಗಿತ್ತು ಹೇಳು? ನಲವತ್ತು ಸೆಂಟು ಇದ್ದರೂ ಕಾಲಿಡಲು ಜಾಗವಿಲ್ಲ. ಬಾಳೆಯ ಬುಡದಲ್ಲಿ ಕೆಸವು, ನುಗ್ಗೆಗೆ ಹಬ್ಬಿದ ಬಸಳೆ, ಸೀಬೆಯ ನೆರಳಲ್ಲಿ ಅರಿಶಿನ, ಅದರ ಸಂದಿಯಲ್ಲಿ ಚಕ್ರಮುನಿ, ಎಲ್ಲದರ ಮೇಲೆ ಮೊಣಕಾಲುದ್ದ ತರಗೆಲೆ. ನಾನು ರಾಗಿ ಬೆಳೆದವನು. ನನಗೆ ಸಾಲು ಅಂದರೆ ಸಾಲು. ಹೊಲದಲ್ಲಿ ಕಳೆ ಕಂಡರೆ ಊರು ಬಯ್ಯುವುದು ಕಳೆಯನ್ನಲ್ಲ, ಯಜಮಾನನನ್ನು. ಬೀಗರ ಮುಂದೆ ಮರ್ಯಾದೆ ಹೋಗುತ್ತದೆಂದು ಮಚ್ಚು ಹಿಡಿದೆ. ಮೂರು ದಿನ ಕಡಿದು ಗುಡ್ಡೆ ಹಾಕಿದೆ. ಒಣಗಿದ ಮೇಲೆ ಬೆಂಕಿ ಇಟ್ಟೆ. ಗಾಳಿ ತಿರುಗಿತು, ಹಲಸಿನ ಮರದ ಒಂದು ಮಗ್ಗುಲು ಬೆಂದುಹೋಯಿತು. ನೀನು ಮದುವೆಯಾಗಿ ಬಂದ ವರ್ಷ ತಳಿ ಊರಿನ ನಿನ್ನ ತವರಿನಿಂದ ಸೆರಗಿನಲ್ಲಿ ಗಂಟು ಹಾಕಿಕೊಂಡು ತಂದ ಬೀಜದ ಮರ. ಆಗಷ್ಟೇ ಕಟ್ಟಿದ್ದ ಎಳೆಕಾಯಿಗಳೆಲ್ಲ ಕಪ್ಪಾಗಿ ಉದುರಿದವು.

ಯುಗಾದಿಯ ದಿನ ನೀನು ಬಂದೆ. ಹಿತ್ತಲ ಬಾಗಿಲು ತೆಗೆದು ನಿಂತೆ. ಬಯ್ಯುತ್ತೀಯ ಅಂತ ನಾನು ಮಾತು ಜೋಡಿಸಿಕೊಂಡು ಹಿಂದೆಯೇ ನಿಂತಿದ್ದೆ. ನೀನು, "ಚೆನ್ನಾಗಿ ಗುಡ್ಸಿದ್ದೀರ" ಅಂದೆ. ಅಷ್ಟೇ. ನಾಲ್ಕೂವರೆ ಬಸ್ಸಿಗೆ ವಾಪಸು ಹೋದೆ. ಒಬ್ಬಟ್ಟಿಗೆ ಅಂತ ನಾನೇ ಬೇಳೆ ನೆನೆಹಾಕಿದ್ದೆ. ಹಸುವಿಗೆ ಸುರಿದೆ.

ಈಗ ಹೊಸ ಸಮಾಚಾರ. ನಾನು ಸುಳ್ಳು ಹೇಳುತ್ತೇನೆ ಅನ್ನಿಸಿದರೆ ಮುರುಗೇಶನನ್ನು ಕೇಳು.

ಮೇ ತಿಂಗಳಲ್ಲಿ ಮೂರು ಒಳ್ಳೆಯ ಮಳೆ ಬಿತ್ತು. ಮೂರನೆಯ ಮಳೆಯ ಮಾರನೇ ದಿನ ಹಿತ್ತಲಿಗೆ ಹೋದರೆ ಬೂದಿಯನ್ನು ತೂತು ಮಾಡಿಕೊಂಡು ಅರಿಶಿನ ಎದ್ದಿತ್ತು. ಸುರುಳಿ ಸುತ್ತಿಟ್ಟ ವೀಳ್ಯದೆಲೆಯ ಹಾಗೆ, ಒಂದಲ್ಲ ಎರಡಲ್ಲ, ಸೀಬೆಯ ಬುಡದಿಂದ ಬಾವಿಯ ತನಕ. ಸುಟ್ಟೆ ಅಂದುಕೊಂಡಿದ್ದೆನಲ್ಲ, ಅದು ಕೆಳಗೆ ಮಲಗಿತ್ತು. ವಾರದೊಳಗೆ ನುಗ್ಗೆಯ ಬೊಡ್ಡೆ ಚಿಗುರಿತು, ಚಕ್ರಮುನಿ ಚಿಗುರಿತು. ಬಾಳೆಯ ಕಥೆ ಕೇಳಬೇಡ. ಕಡಿದ ದಿನವೇ ಅದರ ಸುಳಿ ನಡುವಿನಿಂದ ಗೇಣುದ್ದ ಎದ್ದಿತ್ತು, ನಾನು ಸಿಟ್ಟಿಗೆ ಮತ್ತೆ ಕಡಿದಿದ್ದೆ. ಈಗ ಅದರ ಸುತ್ತ ಐದು ಮರಿ. ದಿನಾ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಹೋಗಿ ನಿಲ್ಲುತ್ತೇನೆ. ಕಾಫಿ ಆರಿಹೋಗುತ್ತದೆ. ಐವತ್ತು ವರ್ಷ ಬಿತ್ತಿದ್ದೇನೆ, ಪಾರ್ವತಿ, ಬಿತ್ತದೆ ಬಂದದ್ದನ್ನು ನಿಂತು ನೋಡಿರಲಿಲ್ಲ.

ಒಂದು ದಿನ ಬರುವ ಹಸಿರನ್ನೆಲ್ಲ ಕಳೆ ಅಂತ ಕೀಳಲು ಕೂತಿದ್ದೆ. ಭಾಗ್ಯಮ್ಮ ಬೇಲಿಯ ಆಚೆಯಿಂದ ಕೂಗಿಕೊಂಡಳು. "ಅಯ್ಯೋ ತಿಮ್ಮಣ್ಣ, ಕೈ ತೆಗಿ! ಅದು ಅಣ್ಣೆಸೊಪ್ಪು. ಇದು ಗಣಿಕೆ. ಅಗಾ, ಅದು ಹೊನಗೊನೆ. ಕಾಲೆತ್ತು, ಕಾಲೆತ್ತು, ಬಂಗಾರದಂಥ ದೊಡ್ಡಗೋಣಿ ಮೇಲೇ ಕುಂತಿದ್ದೀಯ!"

"ಇವೆಲ್ಲ ತಿನ್ನೋದಾ?" ಎಂದೆ.

"ಮತ್ತೆ ನಮ್ಮಕ್ಕ ಇಷ್ಟು ವರ್ಷ ನಿನಗೆ ಬೆರಕೆ ಸೊಪ್ಪಿನ ಸಾರು ಎಲ್ಲಿಂದ ಮಾಡಿ ಹಾಕಿದ್ಲು, ಹೊಸೂರು ಬಸ್‌ಸ್ಟ್ಯಾಂಡಿಂದ್ಲಾ?" ಎಂದಳು.

ಮೂವತ್ತೆಂಟು ವರ್ಷ ಆ ಸಾರು ಉಂಡು ಕೈ ತೊಳೆದಿದ್ದೇನೆ. ಯಾವ ಎಲೆ ಅಂತ ಒಂದು ದಿನವೂ ಕೇಳಿರಲಿಲ್ಲ. ಅವತ್ತು ಅವಳು ತೋರಿಸಿದ್ದನ್ನು ಚಿವುಟಿ ತಂದು ನಾನೇ ಸಾರು ಮಾಡಿದೆ. ಉಪ್ಪು ಜಾಸ್ತಿಯಾಯಿತು. ಆದರೂ ಬಿಡಲಿಲ್ಲ, ಉಂಡೆ.

ಇನ್ನೊಂದು ಕೇಳು, ನಗಬೇಡ. ರಸ್ತೆ ಬದಿಯ ಹೊಂಗೆ ಮರದ ಕೆಳಗಿಂದ ತರಗೆಲೆ ಗುಡಿಸಿ, ಮೂಟೆ ಕಟ್ಟಿ ತಂದು ಹಿತ್ತಲಿಗೆ ಹರಡುತ್ತಿದ್ದೇನೆ. ಇದುವರೆಗೆ ಇಪ್ಪತ್ತೇಳು ಮೂಟೆ. ಟೀ ಅಂಗಡಿಯಲ್ಲಿ, "ಗುಡಿಸಿದೋನೇ ಈಗ ಕಸ ತಂದು ಸುರೀತಾವ್ನೆ, ತಲೆ ಕೆಟ್ಟೈತೆ" ಅಂತ ಆಡಿಕೊಳ್ಳುತ್ತಾರಂತೆ. ಆಡಿಕೊಳ್ಳಲಿ. ನೀನು ಮೂವತ್ತೆಂಟು ವರ್ಷದಲ್ಲಿ ಹಾಸಿದ್ದನ್ನು ನಾನು ಒಂದು ಬೆಂಕಿಪೊಟ್ಟಣದಲ್ಲಿ ಮುಗಿಸಿದೆ. ಇಪ್ಪತ್ತೇಳು ಮೂಟೆ ಸುರಿದರೂ ಹೆಬ್ಬೆರಳು ಮುಳುಗುತ್ತಿಲ್ಲ.

ಮುಖ್ಯವಾದದ್ದಕ್ಕೆ ಬರುತ್ತೇನೆ. ಮೊನ್ನೆ ಶುಕ್ರವಾರ ಬೆಳಿಗ್ಗೆ ಹಾಲು ಕರೆಯುತ್ತಿದ್ದೆ. ಭಾಗ್ಯಮ್ಮ ಬಂದು, "ಹಲಸಿನಣ್ಣು ಕುಯ್ದಿದ್ದೀಯಾ? ನಮ್ಮ ಕೊಟ್ಟಿಗೆ ತಂಕ ವಾಸ್ನೆ ಬತ್ತೈತೆ. ನಮಗೊಂದು ತೊಳೆನಾದ್ರೂ ಬ್ಯಾಡ್ವಾ?" ಎಂದಳು.

"ಮರದಾಗೆ ಒಂದು ಕಾಯಿಲ್ಲ. ಹಣ್ಣೇನು ನಿಮ್ಮಪ್ಪ ತಂದ್ಕೊಟ್ನಾ?" ಎಂದೆ.

"ನಮ್ಮಪ್ಪ ತರ್ಲಿಲ್ಲ. ನಮ್ಮಕ್ಕ ನೆಟ್ಟಿದ್ಲು, ನೀನು ಸುಟ್ಟೆ" ಎಂದು ಮುಖಕ್ಕೇ ಹೇಳಿ ಹೋದಳು.

ಆಮೇಲೆ ನನಗೂ ಮೂಗಿಗೆ ಬಡಿಯಿತು. ಮರದ ಸುತ್ತ ತಿರುಗಿದೆ, ತಲೆಯೆತ್ತಿ ಕೊಂಬೆ ಕೊಂಬೆ ನೋಡಿದೆ. ಏನೂ ಇಲ್ಲ. ವಾಸನೆ ಮಾತ್ರ ಗಮ್ಮೆನ್ನುತ್ತಿದೆ. ಬಚ್ಚಲ ನೀರು ಹರಿಯಲು ನೀನು ಒಂದು ಕಾಲುವೆ ತೋಡಿದ್ದೀಯಲ್ಲ, ಸ್ನಾನ ಮಾಡಿದ ನೀರನ್ನು ಮರಕ್ಕೆ ಕುಡಿಸುವ ಹುಚ್ಚಿ ಅಂತ ನಾನು ಬೈದಿದ್ದೆನಲ್ಲ, ಆ ಕಡೆ ಬೆಂಕಿ ಹೋಗಿರಲಿಲ್ಲ. ಅಲ್ಲಿಯ ಎಲೆ ಒದ್ದೆಯಾಗಿ ಉಳಿದಿತ್ತು. ಅದನ್ನು ಸರಿಸಿದೆ. ಕೆಳಗೆ ನೆಲ ಬಿರಿದಿತ್ತು, ಮೂರು ಕಡೆಗೆ, ಬೆರಳು ಹೋಗುವಷ್ಟು. ವಾಸನೆ ಆ ಬಿರುಕಿನಿಂದ ಬರುತ್ತಿತ್ತು.

ಗುದ್ದಲಿ ತಂದೆ. ತಂದು ಪಕ್ಕಕ್ಕಿಟ್ಟೆ. ಮೊಣಕಾಲೂರಿ ಕೈಯಲ್ಲೇ ಮಣ್ಣು ಕೆರೆದೆ. ಒಳಗೆ ಮುಳ್ಳು ಮುಳ್ಳಾಗಿ ಏನೋ ಸಿಕ್ಕಿತು, ಬೆಚ್ಚಗಿತ್ತು. ಇನ್ನೂ ಕೆರೆದೆ. ಮರದ ಬುಡದಿಂದ ಎರಡು ಮಾರು ದೂರ ಹೋದ ಬೇರಿಗೆ ತೊಟ್ಟು ಕಚ್ಚಿಕೊಂಡು, ನೆಲದೊಳಗೆ ಇಡೀ ಹಲಸಿನ ಹಣ್ಣು! ಹಸು ಈದ ಕರುವಿನಷ್ಟು ಅಂದರೆ ಹೆಚ್ಚಾಯಿತು, ಆದರೆ ನಮ್ಮ ಮೊಮ್ಮಗುವಿಗಿಂತ ದೊಡ್ಡದು. ಪಕ್ಕದಲ್ಲೇ ಬೆಂಕಿ ಹೋಗಿದೆ, ಮೇಲೆ ನಾನು ತುಳಿದು ಓಡಾಡಿದ್ದೇನೆ, ಅದು ಕತ್ತಲಲ್ಲಿ ಕೂತು ಹಣ್ಣಾಗಿದೆ.

ಭಾಗ್ಯಮ್ಮನನ್ನು ಕೂಗಿದೆ. ಅವಳು ದೂರದಿಂದಲೇ ಕಂಡು, ಚಪ್ಪಲಿ ಬಿಟ್ಟು ಬಂದಳು. ಆಗ ನೋಡಿಕೊಂಡರೆ ನನ್ನ ಕಾಲಲ್ಲೂ ಚಪ್ಪಲಿ ಇರಲಿಲ್ಲ. ಯಾವಾಗ ಬಿಟ್ಟೆನೋ ತಿಳಿಯದು.

ಈ ಕಾಗದದ ಜೊತೆ ಮುರುಗೇಶ್ ತರುವ ಡಬ್ಬಿಯಲ್ಲಿ ಇರುವುದು ಅದರ ತೊಳೆ. ಬಾಣಂತಿಗೆ ಹಲಸು ಆಗದು, ದಿವ್ಯಳಿಗೆ ಕೊಡಬೇಡ. ನೀನೇ ತಿನ್ನು. ಬೀಜ ಬಿಸಾಡಬೇಡ.

ಇನ್ನೂ ಒಂದಿದೆ. ಮೊದಲನೆಯದರಿಂದ ಮೂರು ಮೊಳ ಆಚೆ ಇನ್ನೊಂದು ಬಿರುಕು, ಈಗಷ್ಟೇ ಬಿಡುತ್ತಿದೆ. ಅದನ್ನು ಮುಟ್ಟಿಲ್ಲ. ಎಲೆ ಮುಚ್ಚಿ ಮೇಲೆ ಮಂಕರಿ ಕವುಚಿದ್ದೇನೆ. ಸಾನಮಾವು ಕಾಡಿನಲ್ಲಿ ಎರಡು ಆನೆ ನಿಂತಿವೆಯಂತೆ. ಅರಣ್ಯ ಇಲಾಖೆಯ ಕಾವಲಿನವನು ನಿನ್ನೆ ಬಂದು, "ಯಾನೆ ವರುಂ ಅಯ್ಯಾ, ಪಳತ್ತೆ ಎಡುತ್ತುಡುಂಗ" ಅಂದ. ಆನೆ ಬರುತ್ತದೆ, ಹಣ್ಣು ತೆಗೆದುಬಿಡಿ ಅಂತ. ಮರ ತೋರಿಸಿ, "ಎಲ್ಲಿದೆ, ನೀನೇ ತೆಗಿ" ಎಂದು ಕಳಿಸಿದೆ. ಆದರೆ ಹಣ್ಣಾದರೆ ಆನೆಗೆ ತಿಳಿಯದೆ ಇರುತ್ತದಾ? ಹೆಚ್ಚೆಂದರೆ ಹದಿಮೂರು ಹದಿನಾಲ್ಕು ದಿನ. ಅದನ್ನು ನೀನು ತೆಗೆಯಬೇಕು. ನಾನು ತೆಗೆಯುವುದಿಲ್ಲ.

ಮಗುವಿಗೂ ದಿವ್ಯಳಿಗೂ ಅಳಿಯನಿಗೂ ನನ್ನ ಆಶೀರ್ವಾದ. ಮಗುವಿನ ಬೆನ್ನಿಗೆ ಬಿಸಿಲು ತಾಗಿಸಿ. ನಿನಗೂ ದೇವರು ಒಳ್ಳೆಯದು ಮಾಡಲಿ.

ಇಂತಿ,
ತಿಮ್ಮಣ್ಣ

ತಾ.ಕ.: ಮೇಲೆ ಬೀಗರ ಸಂಗತಿ ಬರೆದಿದ್ದೇನಲ್ಲ, ಅದು ಸುಳ್ಳು. ನಾನು ಮಚ್ಚು ಹಿಡಿಯುವ ಮೊದಲೇ ಅವರು ಫೋನು ಮಾಡಿ, ಈ ಸಲ ಬರುವುದಿಲ್ಲ ಅಂದಿದ್ದರು. ಹೊಸೂರಿಗೆ ಹೋದ ದಿನದಿಂದ ನೀನು ದಿನಾ ಫೋನು ಮಾಡುತ್ತಿದ್ದೆ. ಚಕ್ರಮುನಿಗೆ ನೀರು ಹಾಕಿದ್ರಾ, ಬಾಳೆಗೆ ಊರುಗೋಲು ಕೊಟ್ರಾ, ಪರಂಗಿ ಬಣ್ಣ ತಿರುಗ್ತಾ. ಶಿವರಾತ್ರಿ ಕಳೆದು ನನಗೆ ನಾಲ್ಕು ದಿನ ಜ್ವರ ಇತ್ತು. ಹೇಳಲಿಲ್ಲ, ಕೇಳುತ್ತೀಯ ಅಂತ ಕಾದೆ. ನಾಲ್ಕನೇ ದಿನವೂ ನೀನು ಪರಂಗಿಯನ್ನೇ ವಿಚಾರಿಸಿದೆ. ಮಚ್ಚು ಮಸೆದದ್ದು ಆವತ್ತು. "ಹೇಗಿದ್ದೀರಿ" ಅಂತ ನೀನು ಕೇಳುತ್ತಿದ್ದ ಕಾಲದಲ್ಲಿ, ನನಗೇನು ದಾಡಿ ಅಂತ ನಾನೇ ಎಗರಿ ಬೀಳುತ್ತಿದ್ದೆ. ನೀನು ಕೇಳುವುದು ಬಿಟ್ಟಿದ್ದು ಯಾವಾಗ ಅಂತಲೂ ನನಗೆ ಗೊತ್ತಿಲ್ಲ. ಹಿತ್ತಲು ಚೊಕ್ಕಟ ಮಾಡಲೆಂದು ಸುಟ್ಟದ್ದಲ್ಲ, ಪಾರ್ವತಿ. ನಿನಗೆ ನೋಯಲಿ ಅಂತಲೇ ಸುಟ್ಟೆ. ನಿನಗದು ಬಾಗಿಲಲ್ಲಿ ನಿಂತಾಗಲೇ ಗೊತ್ತಾಗಿತ್ತು.

ಬರುತ್ತೀಯೋ ಇಲ್ಲವೋ ಬರೆದು ಕಳಿಸು. ದಿವ್ಯಳ ಬಾಯಲ್ಲಿ ಹೇಳಿಸಬೇಡ. ಜುಲೈ ಐದು, ಶನಿವಾರದೊಳಗೆ ಉತ್ತರ ಬರಬೇಕು.