ಚಿತ್ರದಲ್ಲಿದ್ದ ಹಾಗೆ

ಮಾರ್ಚ್ 3, ಸೋಮವಾರ

ಎರಡನೆಯ ಸ್ಕ್ರೀನ್‌ಶಾಟ್ ಸಾಫ್ಟ್‌ವೇರ್ ಹಾಕಿ ನೋಡಿದೆ. ಮೊದಲನೆಯದು ಇಡೀ ಸ್ಕ್ರೀನ್ ಹಿಡಿಯುತ್ತದೆ, ಬೇಕಾದ ಮೂಲೆಯನ್ನಷ್ಟೇ ಕೇಳಿದರೆ ಮುನಿಸಿಕೊಳ್ಳುತ್ತದೆ. ಇದು ಪರವಾಗಿಲ್ಲ. ಬಾಣದ ಗುರುತು ಹಾಕಬಹುದು. ಬಾಣ ಮಾತ್ರ ಕಡ್ಡಿ ಪೈಲ್ವಾನ್... ನಮ್ಮ ಯಜಮಾನರ ಕಣ್ಣಿಗೆ ಬೀಳುವುದಿಲ್ಲ.

ಆಫೀಸಿಗೆ ಬೇಕಿರುವುದು ವರದಿ. ಕೈಪಿಡಿ ಬರೆಯುವ ನಮ್ಮ ವಿಭಾಗಕ್ಕೆ ಯಾವ ಸ್ಕ್ರೀನ್‌ಶಾಟ್ ಸಾಫ್ಟ್‌ವೇರ್ ಒಳ್ಳೆಯದು ಅಂತ. ನನಗೆ ಬೇಕಿರುವುದು ಬೇರೆ. ತಲೆಗೆ ಪೆಟ್ಟು ಬಿದ್ದ ಮೇಲೆ ಇವರಿಗೆ ಯಾವುದಾದ ಮೇಲೆ ಯಾವುದು ಅನ್ನುವುದೇ ಮರೆತುಹೋಗುತ್ತದೆ. ಕ್ಲಿನಿಕ್ಕಿನ ನೋಂದಣಿ ಕೌಂಟರಿನಲ್ಲಿ ಹನ್ನೊಂದು ವರ್ಷ ಕಣ್ಣುಮುಚ್ಚಿಕೊಂಡು ಮಾಡಿದ ಕೆಲಸ. ಹದಿನೇಳಕ್ಕೆ ಒಬ್ಬರೇ ಕೂತು ಮಾಡಿ ತೋರಿಸಬೇಕಂತೆ. ತೋರಿಸಿದರೆ ಕೆಲಸ ಉಳಿಯುತ್ತದೆ. ಇಲ್ಲದಿದ್ದರೆ ಇಲ್ಲ.

ಮಾರ್ಚ್ 6

ಮೂರನೆಯದೇ ಸರಿ. ಒಂದೊಂದು ಕ್ಲಿಕ್ಕಿಗೂ ತಾನೇ ಚಿತ್ರ ತೆಗೆದು, ದಪ್ಪ ಅಂಕಿ ಹಾಕಿ ಜೋಡಿಸುತ್ತದೆ. ಕ್ಲಿನಿಕ್ಕಿನವರು ಅಭ್ಯಾಸಕ್ಕೆ ಕೊಟ್ಟ ಫಾರಂ ತೆರೆದು ನಾನೇ ರೋಗಿಯಾದೆ. ನನ್ನ ಹೆಸರು, ನನ್ನ ವಯಸ್ಸು ತುಂಬುತ್ತಾ ಹೋದೆ. ಹದಿನಾಲ್ಕು ಚಿತ್ರ. ಪ್ರಿಂಟ್ ತೆಗೆದು ಪಿನ್ ಹೊಡೆದು ಪುಸ್ತಕ ಮಾಡಿದೆ.

"ವಯಸ್ಸಲ್ಲಿ ನಾಲ್ಕು ವರ್ಷ ಗುಳುಂ ಮಾಡಿದೀಯಲ್ಲೇ" ಅಂದರು.

ಇವರು ನನ್ನನ್ನು ಛೇಡಿಸಿ ಎಷ್ಟು ತಿಂಗಳಾಗಿತ್ತು. ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಮಾರ್ಚ್ 12

ಐದು ಸಲ ಮಾಡಿದರು. ಐದೂ ಸರಿ. ಪ್ರತಿ ಸಲವೂ ನಾನೇ ರೋಗಿ — ಮನೆಯಲ್ಲಿ ಇನ್ಯಾರಿದ್ದಾರೆ.

ಮಾರ್ಚ್ 17, ಬೆಳಿಗ್ಗೆ 8

ಹೊರಟರು. ಇಸ್ತ್ರಿ ಮಾಡಿದ ಅಂಗಿ. ಬ್ಯಾಗಿನಲ್ಲಿ ಪುಸ್ತಕ. ಬಸ್ ಸ್ಟಾಪಿನ ತನಕ ಬರುತ್ತೇನೆ ಅಂದರೆ, "ನಾನೇನು ಸ್ಕೂಲಿಗೆ ಹೋಗ್ತಿದೀನಾ?"



ಮಾರ್ಚ್ 20

ಮೂರು ದಿನ ಬರೆಯಲಾಗಲಿಲ್ಲ.

ಅವತ್ತು ಹತ್ತೂವರೆಗೇ ಕ್ಲಿನಿಕ್ಕಿನ ಸೂಪರ್‌ವೈಸರ್ ಫೋನ್. "ಮೇಡಂ, ತಪ್ಪು ತಿಳ್ಕೋಬೇಡಿ. ಇಷ್ಟೊತ್ತಿಗೆ ಒಂಬತ್ತು ಜನ ಬಂದಿದಾರೆ. ನಿಮ್ಮ ಯಜಮಾನ್ರು ಒಂಬತ್ತೂ ಜನಕ್ಕೆ ನಿಮ್ಮ ಹೆಸರೇ ಹಾಕಿದಾರೆ. ವಯಸ್ಸೂ ನಿಮ್ದೇ. ನಾಳೆಯಿಂದ ಕಳಿಸ್ಬೇಡಿ. ಅವರ ಹತ್ರ ಹೇಳೋಕೆ ನಂಗೆ ಬಾಯಿ ಬರ್ತಿಲ್ಲ, ನೀವೇ ಹೇಳಿ."

ಮುದುಕರು, ಕೈಗೂಸು, ಎಲ್ಲರೂ ನಾನೇ. ಒಂದು ಅಕ್ಷರ ತಪ್ಪಿಲ್ಲವಂತೆ.

ತಪ್ಪು ನನ್ನದು. ಹೆಸರಿನ ಜಾಗ ಖಾಲಿ ಬಿಟ್ಟು ಚಿತ್ರ ತೆಗೆಯಬೇಕಿತ್ತು. ಊರಿಗೆಲ್ಲ ಕೈಪಿಡಿ ಬರೆದುಕೊಡುವವಳಿಗೆ ಇಷ್ಟು ಹೊಳೆಯಲಿಲ್ಲ. ಇವರ ಕೆಲಸ ಕಳೆದವಳು ನಾನು.

ಇವರು ಮಾತ್ರ ಮಧ್ಯಾಹ್ನ ನಗುತ್ತಾ ಬಂದರು. "ಚಿತ್ರದಲ್ಲಿದ್ದ ಹಾಗೇ ಮಾಡ್ದೆ ಕಣೆ. ಒಂದ್ಸಲಾನೂ ಯಾರನ್ನೂ ಕೇಳ್ಲಿಲ್ಲ."

ಮೂರು ದಿನ ರಜೆ ಕೊಟ್ಟಿದ್ದಾರೆ ಅಂದೆ. ನಂಬಿದರು.

ಮಾರ್ಚ್ 21, ಬೆಳಿಗ್ಗೆ

ಆಫೀಸಿನ ವರದಿ ಇವತ್ತೇ ಕೊಡಬೇಕು. ಮೂರನೆಯದಕ್ಕೇ ಹೆಚ್ಚು ಅಂಕ ಹಾಕಿದೆ. ಅದರದ್ದೇನು ತಪ್ಪು.

ಇವರು ಅಂಗಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. "ಹೊತ್ತಾಯ್ತು, ಪುಸ್ತಕ ಎಲ್ಲಿಟ್ಟೆ?" ಇನ್ನು ಹೇಳಲೇಬೇಕು. ಮೊದಲು ಕೂರಿಸಬೇಕು. ಆಮೇಲೆ ಕೈ ಹಿಡಿದುಕೊಂಡು... ಆಮೇಲೆ—