ಕಾಳಿಗೆ ಬಿದ್ದ ಮೊಸರು

ಅನಂತಪುರ (ತಾ. ಅಥಣಿ),
೧೮ ನವೆಂಬರ್ ೨೦೧೩

ಬೋರಗಾಂವದ ಅತ್ತೆಯವರಿಗೆ ಸೊಸೆ ರೂಪಾಲಿಯ ಜೈ ಜಿನೇಂದ್ರ.

ನಾನು ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಶುರು ಮಾಡುವುದು ರೂಢಿ. ನಾನು ಕ್ಷೇಮವಾಗಿಲ್ಲ. ಮೈತುಂಬ ಸಿಟ್ಟು ಇಟ್ಟುಕೊಂಡು ಕೂತಿದ್ದೇನೆ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ನೀವು ಇಟ್ಟುಬಿಡುತ್ತೀರಿ, ಅದಕ್ಕೇ ಈ ಕಾಗದ. ನೀವೂ ಮಾವನವರೂ ಕಲಿತದ್ದು ಮರಾಠಿ ಸಾಲೆಯಲ್ಲಿ, ಕನ್ನಡ ಮಾತಾಡುತ್ತೀರಿ, ಅಕ್ಷರ ಬಾರದು. ಹಾಗಾಗಿ ನಿಮ್ಮ ಮಗನೇ ಇದನ್ನು ಓದಿ ಹೇಳುತ್ತಾರೆ. ನೀವು ನಡುವೆ ಎದ್ದು ಹೋಗಬೇಡಿರಿ. ಓದುವವರೂ ಯಾವ ಸಾಲನ್ನೂ ನುಂಗಬಾರದು.

ಮೊನ್ನೆ ಅಥಣಿಯ ಬಸದಿಯಲ್ಲಿ ನಿಮ್ಮ ನೆಂಟರಾದ ದುಂಡವ್ವ ನಮ್ಮ ಅವ್ವನನ್ನು ಹತ್ತು ಜನರ ಮುಂದೆ ನಿಲ್ಲಿಸಿಕೊಂಡು, “ನಿನ್ನ ಮಗಳು ಅತ್ತೀ ನೇಮಾ ಮುರದು ತವರಿಗಿ ಬಂದ ಕುಂತಾಳಂತ, ಖರೇ ಏನವಾ?” ಎಂದು ಕೇಳಿದರಂತೆ. ಅವ್ವ ಪೂಜೆಯನ್ನು ಅರ್ಧಕ್ಕೆ ಬಿಟ್ಟು ಬಂದಳು. ಅಂದಿನಿಂದ ಬಸದಿಯ ಕಡೆ ತಲೆ ಹಾಕಿಲ್ಲ. ನನ್ನನ್ನು ಏನು ಬೇಕಾದರೂ ಅನ್ನಿರಿ, ಸೊಸೆಯಾಗಿ ಬಂದ ದಿನದಿಂದ ಕಿವಿ ಗಟ್ಟಿಯಾಗಿದೆ. ನಮ್ಮ ಅವ್ವ ನಿಮಗೇನು ಮಾಡಿದ್ದಳು? ಬೋರಗಾಂವದ ಅಡುಗೆಮನೆಯ ಮಾತು ಅಥಣಿಯ ತನಕ ಬಂದದ್ದಾದರೂ ಹೇಗೆ? ಕಾಲು ಇಲ್ಲದ ಮಾತನ್ನು ಯಾರೋ ಹೊತ್ತುಕೊಂಡೇ ಬಂದಿರಬೇಕಲ್ಲ.

ಶ್ರಾವಣದ ಆ ದಿನವನ್ನು ಮೊದಲಿನಿಂದ ಹೇಳುತ್ತೇನೆ. ನೀವು ಕೇಳಲೇ ಇಲ್ಲ, ಅದಕ್ಕೆ ನಾನೇ ಹೇಳುತ್ತೇನೆ.

ನಿಮ್ಮ ಮಗ ಪುಣೆಯಲ್ಲಿ ಗೆಳೆಯ ವಿಕ್ರಾಂತನ ಜೊತೆ ಯಾವುದೋ ದೊಡ್ಡ ಹೋಟೆಲಿನಲ್ಲಿ ಮೆಕ್ಸಿಕೋ ದೇಶದ ಕಾಳಿನ ಅಡುಗೆ ತಿಂದು ಬಂದಿದ್ದರು. ತಿಂದದ್ದು ಸಾಲದೆಂದು, “ನಮ್ಮ ರೂಪಾಲಿ ಇದಕಿಂತ ಛಲೋ ಮಾಡತಾಳ, ಊರಿಗಿ ಬರ್ರಿ” ಎಂದು ಗೆಳೆಯನಿಗೂ ಅವನ ಹೆಂಡತಿ ಪ್ರಾಜಕ್ತಾಳಿಗೂ ಆಮಂತ್ರಣ ಕೊಟ್ಟಿದ್ದರು. ಆ ಅಡುಗೆಯ ಹೆಸರನ್ನು ನಾನು ಅವತ್ತೇ ಮೊದಲು ಕೇಳಿದ್ದು. ಫ್ರಿಹೋಲೆಸ್ ಅಂತೆ. ಮಾವನವರು, “ಫ್ರೀ ಹೋಳಿಗಿ ಅಂದ್ರ ನನಗೂ ಎರಡ ಇರಲಿ” ಎಂದದ್ದಕ್ಕೆ ನೀವೂ ಸೆರಗು ಬಾಯಿಗೆ ಹಿಡಿದು ನಕ್ಕಿದ್ದಿರಿ. ಆ ಮನೆಯಲ್ಲಿ ನನ್ನೆದುರು ನೀವು ನಕ್ಕದ್ದು ಅದೇ ಕೊನೆ.

ನಿಮ್ಮ ಮಗ ಮೊಬೈಲಿನಲ್ಲಿ ಮಾಡುವ ಬಗೆ ತೋರಿಸಿದರು. ಹಂದಿಯ ಕೊಬ್ಬು ಕರಗಿಸುವುದರಿಂದಲೇ ಶುರು, ಆಮೇಲೆ ಉಳ್ಳಾಗಡ್ಡಿ, ಬೆಳ್ಳುಳ್ಳಿ. ನಾನು ಮೊಬೈಲನ್ನು ಮಗುಚಿ ಇಟ್ಟೆ. ನಮ್ಮದು ಎಂಥ ಮನೆ, ಅದರಲ್ಲೂ ಚಾತುರ್ಮಾಸ, ಅದರಲ್ಲೂ ನೀವು ಬಸದಿಗೆ ಬಂದ ಮಾತಾಜಿಯವರ ಮುಂದೆ ಊಟದ ನೇಮ ತೆಗೆದುಕೊಂಡ ವರ್ಷ. ಆಗುವುದಿಲ್ಲ ಎಂದೆ. ಗೆಳೆಯನ ಮುಂದೆ ಮಾನ ಹೋಗುತ್ತದೆ ಎಂದರು. ಗಂಡನ ಮಾನ ಉಳಿಸಲು ಒಲೆಯ ಮುಂದೆ ಕೂತೆ ನೋಡಿರಿ, ಅಲ್ಲೇ ನಾನು ಕೆಟ್ಟದ್ದು.

ರಾಜಮಾ ಕಾಳನ್ನು ಸೋಸಿದ ನೀರಿನಲ್ಲಿ ನೆನೆಹಾಕಿದೆ. ಮೊಳಕೆ ಕಣ್ಣು ಬಿಟ್ಟರೆ ನೀವು ಮುಟ್ಟುವುದಿಲ್ಲವೆಂದು ಕೋಳಿ ಕೂಗುವ ಹೊತ್ತಿಗೆ ಎದ್ದು ನೀರಿನಿಂದ ತೆಗೆದೆ. ಉಳ್ಳಾಗಡ್ಡಿಯ ಬದಲು ಇಂಗು. ಟೊಮೆಟೊವನ್ನು ಕೆಂಡದ ಮೇಲೆ ಸಿಪ್ಪೆ ಕಪ್ಪಾಗುವ ತನಕ ಸುಟ್ಟೆ. ಸಂಕೇಶ್ವರದ ಮೆಣಸಿನಕಾಯಿಯ ಬೀಜ ಉದುರಿಸಿ, ಬಿಸಿನೀರಿಗೆ ಹಾಕಿ, ಜೀರಿಗೆಯ ಜೊತೆ ನುಣ್ಣಗೆ ಅರೆದೆ. ಕೊತ್ತಂಬರಿ ಬೇಕೇ ಬೇಕು ಅಂತಿತ್ತು. ಚಾತುರ್ಮಾಸದಲ್ಲಿ ನೀವು ಸೊಪ್ಪು ತಿನ್ನುವುದಿಲ್ಲ, ಅದನ್ನೂ ಬಿಟ್ಟೆ. ಅರ್ಧ ಕಾಳನ್ನು ಸವಟಿನಿಂದ ಒತ್ತಿ ಮಸೆದು, ಸಣ್ಣ ಉರಿಯಲ್ಲಿ ಮಧ್ಯಾಹ್ನವೆಲ್ಲ ಕುದಿಸಿದೆ. ಸಾರಿನಂತೆ ತೆಳ್ಳಗಲ್ಲ, ಝುಣಕದಂತೆ ಗಟ್ಟಿಯೂ ಅಲ್ಲ, ರೊಟ್ಟಿಯಲ್ಲಿ ಎತ್ತಿದರೆ ಎದ್ದು ಬರುವಂತೆ ಆಗಿತ್ತು. ವಾಸನೆಗೆ ಮಗ್ಗದ ಶೆಡ್ಡಿನಿಂದ ಮಾವನವರೇ ಎದ್ದು ಬಂದರು. ಪರದೇಶದ ಅಡುಗೆಯನ್ನು ಜೈನರ ಅಡುಗೆಯನ್ನಾಗಿ ಮಾಡಿ ಕೊಟ್ಟವಳು ನಾನು ಅತ್ತೆಯವರೇ. ಅದನ್ನು ನೀವು ಮರೆತರೂ ನಾನು ಮರೆಯುವುದಿಲ್ಲ.

ಎರಡು ಹೋಳಾಗುವ ಕಾಳಿಗೆ ಮೊಸರು ಸೇರಿದರೆ ದ್ವಿದಳ, ಬಾಯಿಗೆ ಹೋದ ಗಳಿಗೆಗೆ ಅದರಲ್ಲಿ ಜೀವ ಹುಟ್ಟುತ್ತದೆ, ತಿನ್ನಬಾರದು. ಇದನ್ನು ನನಗೆ ನೀವು ಕಲಿಸಬೇಕಾಗಿರಲಿಲ್ಲ. ನಮ್ಮ ಅವ್ವ ಮಜ್ಜಿಗೆಯ ಸಾರಿಗೆ ಒಂದು ಚಿಟಿಕೆ ಕಡಲೆಹಿಟ್ಟು ಹಾಕಿದವಳಲ್ಲ. ಆ ಅಡುಗೆಯ ಮೇಲೆ ಹುಳಿ ಕೆನೆ ಹಾಕಬೇಕೆಂದು ಮೊಬೈಲಿನಲ್ಲಿ ಹೇಳಿದ್ದು ನಿಜ. ಮರುದಿನದ ಶ್ರೀಖಂಡಕ್ಕೆಂದು ಬಟ್ಟೆಯಲ್ಲಿ ಕಟ್ಟಿ ನೀರಿಳಿಸಿದ ಮೊಸರು, ಚಕ್ಕಾ, ಅಡುಗೆಮನೆಯ ಗೂಟಕ್ಕೆ ತೂಗುತ್ತಿದ್ದದ್ದೂ ನಿಜ. ನಾನು ಅದರ ಕಡೆ ಕಣ್ಣೆತ್ತಿಯೂ ನೋಡಿರಲಿಲ್ಲ.

ಹೊತ್ತು ಮುಳುಗುವ ಮೊದಲು ನಿಮ್ಮ ಊಟ ಮುಗಿಯಬೇಕು. ನಾನು ಗಡಿಬಿಡಿಯಲ್ಲಿ ಅತ್ತ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದೆ. ಬೆನ್ನ ಹಿಂದಿನಿಂದ ಪಾತ್ರೆ ಪಡಸಾಲೆಗೆ ಹೋಯಿತು. ನೀವು ಒಂದು ಬಟ್ಟಲು ಉಂಡು, “ಛಲೋ ಆಗೇತಿ ಬೇ, ಇನ್ನೊಂದ ಸವಟ ಹಾಕ” ಎಂದದ್ದು ನನಗೆ ಒಲೆಯ ಮುಂದೆಯೇ ಕೇಳಿಸಿತು. ಖುಷಿಯಾಯಿತು. ನಿಮ್ಮ ಬಾಯಿಂದ ಛಲೋ ಅನ್ನಿಸಿಕೊಳ್ಳುವುದು ಸಣ್ಣ ಮಾತಲ್ಲ. ಆಗಲೇ ಊಟಕ್ಕೆ ಕೂತಿದ್ದ ಆ ಪ್ರಾಜಕ್ತಾ, ಪಾಪ, ಅವಳಿಗೇನು ಗೊತ್ತು, ಮೊಸರು ಹಾಕಿದ್ದಕ್ಕೇ ಇಷ್ಟು ನುಣುಪು ಬಂದಿದೆ ಎಂದು ಮರಾಠಿಯಲ್ಲಿ ಹೊಗಳಿದಳು.

ನೀವು ಬಟ್ಟಲು ಕೆಳಗಿಟ್ಟಿರಿ. ನಾನು ಹಿಟ್ಟಿನ ಕೈಯಲ್ಲೇ ಓಡಿ ಬಂದು, “ನಾ ಹಾಕಿಲ್ರಿ ಅತ್ತಿ” ಎಂದೆ. ಬಟ್ಟೆಯ ಗಂಟು ಬರಿದಾಗಿತ್ತು, ನೀವೇ ಒಳಗೆ ಹೋಗಿ ನೋಡಿದಿರಿ. “ಮತ್ತ ಅಡಗಿಮನ್ಯಾಗ ದೆವ್ವ ಬಂದಿತ್ತೇನ?” ಎಂದಿರಿ. ಬಂದವರ ಮುಂದೆಯೇ, “ಅನಂತಪುರದ ಸಂಸ್ಕಾರ ಇಷ್ಟ. ಅವರವ್ವ ಕಲಿಸಿದ್ದರ ತಾನ ಬರೂದು” ಎಂದಿರಿ. ಪಡಸಾಲೆಯಲ್ಲಿದ್ದ ಯಾರೊಬ್ಬರೂ ಬಾಯಿ ಬಿಡಲಿಲ್ಲ. ಈ ಸಾಲನ್ನು ಇನ್ನೊಮ್ಮೆ ಓದಿಸಿಕೊಳ್ಳಿರಿ. ಯಾರೊಬ್ಬರೂ ಬಾಯಿ ಬಿಡಲಿಲ್ಲ.

ನೇಮ ಮುರಿಯಿತೆಂದು ನೀವು ಉಪವಾಸ ಹಿಡಿದಿರಿ. ನಾನೂ ಉಣ್ಣಲಿಲ್ಲ. ಅದು ನಿಮಗೆ ಗೊತ್ತಿಲ್ಲ. ಆಮೇಲೆ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಕಾಳು ಆರಿಸಗೊಡಲಿಲ್ಲ, ನೀರು ಸೋಸಗೊಡಲಿಲ್ಲ, ಉಪ್ಪಿನ ಡಬ್ಬಿ ಮುಟ್ಟಿದರೂ ನಿಮ್ಮ ಕಣ್ಣು ಬೆನ್ನ ಮೇಲೆ. ದೀಪಾವಳಿಯ ತನಕ ನನ್ನ ಮನೆಯಲ್ಲೇ ಬೀಗರ ಹಾಗೆ ಬಡಿಸಿದ್ದನ್ನು ಉಂಡು ಕೈ ತೊಳೆದೆ, ಹಬ್ಬ ಮುಗಿದ ಮೇಲೆ ತವರಿನ ದಾರಿ ಹಿಡಿದೆ. ಹೆಂಗಸಿಗೆ ಇದಕ್ಕಿಂತ ದೊಡ್ಡ ಹೊಡೆತ ಬೇರೆ ಇದೆಯೇ?

ಈಗ ಇದನ್ನೂ ಕೇಳಿರಿ. ಚಕ್ಕಾ ಹಾಕಿದವರು ಯಾರೆಂದು ನನಗೆ ಗೊತ್ತಿದೆ. ಅತಿಥಿಗಳು ಹೋದ ಮೇಲೆ ಅವರೇ ನನ್ನ ಮುಂದೆ ಒಪ್ಪಿಕೊಂಡರು. ಅದಿಲ್ಲದೆ ರುಚಿ ಬರುವುದಿಲ್ಲ ಅನ್ನಿಸಿತಂತೆ, ನಿಮ್ಮ ನೇಮ ನೆನಪೇ ಆಗಲಿಲ್ಲವಂತೆ. “ನಾಳೆ ನಾನ ಹೇಳತೀನಿ” ಎಂದರು. ಆ ನಾಳೆ ಇನ್ನೂ ಬಂದಿಲ್ಲ. ಮಂಗ ಮೊಸರು ತಿಂದು ಆಡಿನ ಬಾಯಿಗೆ ಒರೆಸಿತು ಎಂಬ ಗಾದೆ ಕೇಳಿದಾಗ ಚಿಕ್ಕಂದಿನಲ್ಲಿ ನಗುತ್ತಿದ್ದೆ. ಆಡಿನ ಪಾಡು ಈಗ ಗೊತ್ತಾಗುತ್ತಿದೆ. ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ನಂಬುವುದೂ ಇಲ್ಲ, ಮನೆ ಒಡೆದಳು ಎಂಬ ಇನ್ನೊಂದು ಮಾತು ಅಥಣಿಗೆ ಬರುತ್ತದೆ. ಮಾಡಿದವರ ಬಾಯಿಂದಲೇ ಬರಬೇಕು.

ನಿಮ್ಮ ಮಗ ಹೋದ ವಾರ ಫೋನ್ ಮಾಡಿ, “ಒಂದ ಸಲ ಅವ್ವಗ ತಪ್ಪಾತು ಅಂದಬಿಡು, ಮುಗದ ಹೋಗತೈತಿ” ಎಂದರು. ಅನ್ನುವುದಿಲ್ಲ. ಮಾಡಿದ ತಪ್ಪಿಗೆ ಕಾಲು ಹಿಡಿಯಲು ನನಗೆ ನಾಚಿಕೆಯಿಲ್ಲ, ಮಾಡದ ತಪ್ಪಿಗೆ ತಲೆ ಬಗ್ಗಿಸಿದರೆ ಅದು ನಮ್ಮ ಅವ್ವನ ತಲೆ ಬಗ್ಗಿಸಿದಂತೆ. ನನಗೆ ನನ್ನ ಮನೆ ಬೇಕು, ನನ್ನ ಒಲೆ ಬೇಕು. ಸುಳ್ಳು ಹೇಳಿ ಅದನ್ನು ಬೇಡಿ ಪಡೆಯುವವಳಲ್ಲ ನಾನು. ನಿಜ ಗೊತ್ತಾದ ದಿನ ನೀವೇ ಅಥಣಿಗೆ ಬಂದು, ದುಂಡವ್ವನ ಎದುರಿಗೇ ನಮ್ಮ ಅವ್ವನನ್ನು ಬಸದಿಯ ಒಳಗೆ ಕರೆದುಕೊಂಡು ಹೋಗಿರಿ. ಅವತ್ತೇ ನಿಮ್ಮ ಜೊತೆ ಬೋರಗಾಂವದ ಬಸ್ಸು ಹತ್ತುತ್ತೇನೆ. ಅಲ್ಲಿಯ ತನಕ ಕರೆಯಲು ಯಾರೂ ಬರುವುದು ಬೇಡ.

ಮಾವನವರಿಗೆ ನನ್ನ ನಮಸ್ಕಾರ ತಿಳಿಸಿರಿ. ಅವರ ಮೇಲೆ ನನಗೆ ಸಿಟ್ಟಿಲ್ಲ.

ಇಂತಿ, ನೀವು ಒಲೆಯಿಂದ ಎಬ್ಬಿಸಿದ ಸೊಸೆ,
ರೂಪಾಲಿ

ತಾ.ಕ.: ಮರಾಠಿ ಬರೆಯಲು ನನಗೆ ಚೆನ್ನಾಗಿಯೇ ಬರುತ್ತದೆ, ನೀವೇ ಓದಿಕೊಳ್ಳುವಂತೆ ಬರೆಯಬಹುದಿತ್ತು. ಬೇಕೆಂದೇ ಕನ್ನಡದಲ್ಲಿ ಬರೆದೆ. ಮೇಲಿನದನ್ನೆಲ್ಲ ಓದಿ ಇದೊಂದನ್ನು ಬಿಟ್ಟರೆ ನಾನು ಆ ಹೊಸಿಲು ಮತ್ತೆಂದೂ ತುಳಿಯುವುದಿಲ್ಲ ಎಂಬುದು ಓದುವವರಿಗೆ ಗೊತ್ತಿರಲಿ. ಅತ್ತೆಯವರೇ, ಮೊಸರು ಹಾಕಿದ್ದು ಯಾರ ಕೈ ಎಂದು ಕೇಳಬೇಕಿದ್ದರೆ, ಈ ಕಾಗದ ಹಿಡಿದುಕೊಂಡಿರುವ ಕೈಯನ್ನೇ ಕೇಳಿರಿ.