ಗೇಟಿಗೂ ಸಲಿಂ, ಸೀಬೆಮರಕ್ಕೂ ಸಲಿಂ

ಸೋಲೊ, ಜಾವಾ, ಜುಲೈ ೮, ಸೋಮವಾರ

ಹಿರಿಯರ ಕೈಗೆ ಹಣೆ ಹಚ್ಚಿ ನಮಸ್ಕರಿಸುವ ಈ ಸಲಿಂ ಒಂದು ನನ್ನ ಜೀವ ತಿಂದುಬಿಟ್ಟಿತ್ತು. ಬೆಳಿಗ್ಗೆ ಗೇಟಿನಲ್ಲಿ ನಿಂತ ಟೀಚರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳದ ಮಗುವನ್ನು ನಮ್ಮೂರಲ್ಲಿ ಸೊಕ್ಕಿನದು ಅನ್ನುತ್ತಾರೆ. ನನ್ನ ಮಗಳು ಸೆಕರ್‌ಗೋ ಆಟಿಸಂ. ಯಾರ ಕೈ ತಾಗಿದರೂ ಮೈ ಸೆಟೆಸಿಕೊಳ್ಳುತ್ತಾಳೆ. ಹಿಂದಿನ ಶಾಲೆಯ ಹೆಡ್ಮಿಸ್, "ಮೊದಲು ಮರ್ಯಾದೆ ಕಲಿಸಿ, ಆಮೇಲೆ ಕರ್ಕೊಂಬನ್ನಿ" ಅಂದಿದ್ದರು. ಅಂದಿನಿಂದ ದಿನಾ ಊಟಕ್ಕೆ ಮೊದಲು ಕೈ ಚಾಚಿ, "ಹಣೆ ಹಚ್ಚು ಪುಟ್ಟಿ" ಎಂದು ಗೋಗರೆದೆ. ಒಮ್ಮೆಯೂ ಹಚ್ಚಲಿಲ್ಲ.

ಇವತ್ತು ಹೊಸ ಶಾಲೆ. ರುಸ್ಮಿ ಟೀಚರ್ ಗೇಟಿನಲ್ಲೇ ಕೈ ಚಾಚಿದರು. ಸೆಕರ್ ಅವರ ಪಕ್ಕದಿಂದ ನುಸುಳಿ ಹೋಗಿ ಗೇಟಿನ ಚಿಲಕಕ್ಕೆ ಹಣೆ ಹಚ್ಚಿದಳು. ಆಮೇಲೆ ಸೀಬೆಮರಕ್ಕೆ, ನಲ್ಲಿಗೆ, ಕಾವಲುಗಾರನ ಸೈಕಲ್ಲಿಗೆ. ಒಂದೊಂದಕ್ಕೂ ಎಷ್ಟು ಶ್ರದ್ಧೆ! ನಾನು ನಾಚಿಕೆಯಿಂದ ಅಲ್ಲೇ ಭೂಮಿಗಿಳಿದುಹೋದೆ.

"ಕ್ಷಮಿಸಿ ಟೀಚರ್, ಮನೇಲಿ ಹೇಳ್ಕೊಟ್ಟಿದ್ದೆ..."

ಅವರು ನಗು ತಡೆಯಲಾರದೆ ತಲೆವಸ್ತ್ರದ ತುದಿಯಿಂದ ಬಾಯಿ ಮುಚ್ಚಿಕೊಂಡರು.

"ಅಯ್ಯೋ, ಇರ್ಲಿ ಬಿಡಿಮ್ಮಾ. ನಮ್ಮ ಇಡೀ ಸ್ಕೂಲಿಗೇ ಮರ್ಯಾದೆ ಕೊಟ್ಟಳಲ್ಲ! ಉಳಿದಿರೋದು ನಾನೊಬ್ಬಳೇ. ನನ್ನ ಸರದಿ ಬರೋವರೆಗೂ ಕಾಯ್ತೀನಿ. ನಾಳೆಯಿಂದ ಡಬ್ಬಿ ಕಟ್ಟಿ ಕಳಿಸಿ."

ಡಬ್ಬಿಗೆ ಸೋಯಾಕಾಳಿನ ತೆಂಪೆ ಬಿಲ್ಲೆ ಹುರಿಯಬೇಕು, ತೆಳ್ಳಗೆ, ಗರಿಗರಿಯಾಗಿ. ಮೆತ್ತಗಿದ್ದರೆ ಅವಳು ಮುಟ್ಟುವುದಿಲ್ಲ ಎಂದು ಟೀಚರಿಗೆ ಹೇಳಿ ಬಂದೆ. ಆದರೆ ಅವಳ ಸಲಿಂಗೆ ಕಾಯುವವರ ಸಾಲಿನಲ್ಲಿ ಅವರಿಗಿಂತ ಮುಂದೆ ನಾನೇ ಕೈ ಚಾಚಿ ನಿಂತಿದ್ದೇನೆ ಎಂದು ಹೇಳಲು ಬಾಯಿ ಬರಲಿಲ್ಲ.